ಎಂಟು ದಿನದಲ್ಲಿ ಮಾತು ಕಲಿತದ್ದು

ಚೆನ್ನೈಗೆ ಬಂದಾಗಿನಿಂದ ನೋಡುತ್ತಿದ್ದೇನೆ, ಗುಂಪಿನಲ್ಲಿ ಮಾತಿನಿಂದ ಎಲ್ಲರನ್ನೂ ತಮ್ಮ ಕಡೆ ತಿರುಗಿಸಿಕೊಳ್ಳುವವರು ನನ್ನ ಪಕ್ಕಕ್ಕೇ ಬಂದು ನಿಲ್ಲುತ್ತಾರೆ. ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಆ ವಾರ ಅದು ಹೆಚ್ಚಾಯಿತು. ಹೆಣ್ಣು ನೋಡಲು ಹೋಗಿದ್ದ ಎರಡು ಮನೆಗಳಿಂದಲೂ ಬೇಡವೆಂದು ಹೇಳಿ ಕಳಿಸಿದ್ದರು.

"ಹುಡುಗನಿಗೆ ಮಾತು ಬರುತ್ತಾ ಅಂತ ಕೇಳಿದ್ರು ಕಣೋ. ಮುಂದಿನ ಭಾನುವಾರ ಇನ್ನೊಂದು ಮನೆಗೆ ಹೋಗೋದಿದೆ, ಅಲ್ಲಾದ್ರೂ ಬಾಯಿ ಬಿಡು," ಎಂದರು ಸೋದರತ್ತೆ.

ಎಂಟು ದಿನವಿತ್ತು. ಬಲ್ಲವರನ್ನು ನೋಡಿ ಕಲಿಯಲು ನಿರ್ಧರಿಸಿದೆ.

೧. ರೈಲು

ಎಗ್ಮೋರ್ ಕಡೆಯ ಎಲೆಕ್ಟ್ರಿಕ್ ರೈಲಿನಲ್ಲಿ ಒಬ್ಬರು ಸೆಲ್‌ಫೋನಿನಲ್ಲಿ ಮಗಳ ಮಾರ್ಕ್ಸನ್ನು ಇಡೀ ಬೋಗಿಗೆ ಕೇಳುವಂತೆ ಹೇಳಿದರು. ಮೂವರು ಕೈ ಕುಲುಕಿದರು. ಒಬ್ಬರು ಮುರುಕು ಎನ್ನುವ ಇಲ್ಲಿನ ಚಕ್ಕುಲಿ ಕೊಟ್ಟರು.

ಮಾರನೆಯ ದಿನ ನಾನು ಪಕ್ಕದವರಿಗೆ ಹೇಳಿದೆ: "ಸಾರ್, ಬಿ.ಎಸ್ಸಿ.ಯಲ್ಲಿ ನನಗೆ ಎಪ್ಪತ್ತೆಂಟು ಪರ್ಸೆಂಟ್."

ಅವರು ಎದ್ದು ಹೋಗಿ ಬಾಗಿಲ ಬಳಿ ನಿಂತರು. ನನಗೆ ಕಿಟಕಿ ಸೀಟು ಸಿಕ್ಕಿತು.

೨. ಸೀರೆ ಅಂಗಡಿ

ಅತ್ತೆಯ ಜೊತೆ ಸೀರೆ ಕೊಳ್ಳಲು ಹೋಗಿದ್ದ ಪುರಸೈವಾಕ್ಕಂನ ಅಂಗಡಿಯಲ್ಲಿ ಅಪರಿಚಿತ ಹೆಂಗಸೊಬ್ಬರು ಹೆಗಲ ಮೇಲೆ ಸೀರೆ ಹಾಕಿಕೊಂಡು, "ಹೇಗಿದೆ?" ಎಂದು ಅಂಗಡಿಯಲ್ಲಿದ್ದವರನ್ನೆಲ್ಲ ಕೇಳಿದರು. ಎಲ್ಲರೂ ಚೆನ್ನಾಗಿದೆ ಎಂದರು. ಆಕೆ ನನ್ನ ಕಡೆಗೂ ತಿರುಗಿದರು.

"ಟ್ಯೂಬ್‌ಲೈಟಿನಲ್ಲಿ ಬಣ್ಣ ತಿಳಿಯೋದಿಲ್ಲ. ಬಿಸಿಲಿನಲ್ಲಿ ನೋಡಬೇಕು," ಎಂದೆ.

ಆಕೆ ಬೀದಿಗೆ ಇಳಿದರು. ಹಿಂದೆಯೇ ಉಳಿದ ಗಿರಾಕಿಗಳೆಲ್ಲ ಒಂದೊಂದು ಸೀರೆ ಹಿಡಿದು ಇಳಿದರು. ಅಂಗಡಿಯವನು ಕೈ ಮುಗಿದು, "ಸಾರ್, ನಿಮ್ಮ ಅತ್ತೆಯ ಸೀರೆಗೆ ಎಷ್ಟು ಕಡಿಮೆ ಮಾಡಿದ್ರೆ ಈಗಲೇ ಹೊರಡ್ತೀರಿ?" ಎಂದ.

೩. ಭಾನುವಾರ

ಜೇಬಿನ ಚೀಟಿಯಲ್ಲಿ ಹತ್ತು ವಾಕ್ಯ ಬರೆದುಕೊಂಡು ಅತ್ತೆಯ ಜೊತೆ ಹೋದೆ. ಹುಡುಗಿಯ ತಂದೆ ಬಾಗಿಲು ತೆರೆಯುತ್ತಲೇ ಮಾತು ಶುರುಮಾಡಿದರು. ಜಲಮಂಡಳಿಯ ನೀರಿನ ಲಾರಿ, ಮನೆ ಓನರ್, ತಮ್ಮ ಮೊದಲ ಮೂರು ಟ್ರಾನ್ಸ್‌ಫರ್. ಉಪ್ಪಿಟ್ಟು ಆರಿತು. ಅತ್ತೆ ಮೊಣಕೈಯಿಂದ ತಿವಿದರು. ನಾನು ಮಾತಾಡಲು ಉಸಿರೆಳೆದುಕೊಂಡೆ.

"ಸರಿಯಾಗಿ ಹೇಳಿದಿರಿ!" ಎಂದು ಅವರು ಮುಂದುವರಿಸಿದರು.

ಕೊನೆಗೆ ಹುಡುಗಿಯ ತಾಯಿ ಮಗಳನ್ನೂ ನನ್ನನ್ನೂ ಬಾಲ್ಕನಿಗೆ ಕಳಿಸಿದರು. ಚೀಟಿ ತೆಗೆದೆ, ಬೆವರಿಗೆ ಅಕ್ಷರವೆಲ್ಲ ಕಲಸಿಹೋಗಿತ್ತು. ಇನ್ನು ಮುಗಿಯಿತು ಅಂದುಕೊಂಡೆ.

"ನೀವು ಯಾವಾಗಲೂ ಇಷ್ಟೇನಾ ಮಾತಾಡೋದು?" ಎಂದಳು.

ಸುಳ್ಳು ಹೇಳಲು ವಾಕ್ಯ ಸಿಗಲಿಲ್ಲ. "ಹೌದು."

ಒಳಗೆ ನಾಲ್ಕನೆಯ ಟ್ರಾನ್ಸ್‌ಫರ್ ಕಥೆ ನಡೆಯುತ್ತಿತ್ತು. ಆಕೆ ಅತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದಳು: "ಮದುವೆ ಆದ್ಮೇಲೂ? ಪ್ರಾಮಿಸ್?"

ತಲೆಯಾಡಿಸಿದೆ.

ಆಕೆ ಒಳಗೆ ಹೋಗಿ ತಂದೆಗೆ ಒಪ್ಪಿಗೆ ಎಂದಳು. ಅದು ಅವರಿಗೆ ಕೇಳಿಸಲು ಇನ್ನೂ ಇಪ್ಪತ್ತು ನಿಮಿಷ ಹಿಡಿಯಿತು.