ಶ್ಯಾಮಲಮ್ಮನ ಡಬ್ಬಿಯ ಜೇನು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಇರುವೆ. ಕಟ್ಟಿರುವೆಯಲ್ಲ, ಗೊದ್ದವಲ್ಲ, ರಾಗಿಕಾಳಿಗಿಂತ ಕೊಂಚ ಉದ್ದವಿದ್ದ ಒಂದು ಕೆಂಪಿರುವೆ. ಅಜ್ಜಿಯರು ಹೇಳುವ ಕತೆಗಳಲ್ಲಿ ಇಂಥ ಇರುವೆ ರಾಜಕುಮಾರನಿಗೆ ದಾರಿ ತೋರಿಸುತ್ತದೆ, ರಾಕ್ಷಸನ ಪ್ರಾಣ ಎಲ್ಲಿದೆ ಅಂತ ಕಿವಿಯಲ್ಲಿ ಉಸುರುತ್ತದೆ. ಶಿಡ್ಲಘಟ್ಟದ ನಲ್ಲಪ್ಪನ ಅಡುಗೆಮನೆ ಕಿಟಕಿಗೆ ಬಂದ ಇರುವೆ ಅಂಥ ಒಳ್ಳೆಯ ಮನೆತನದ್ದಲ್ಲ. ಅದು ಜೇನಿನ ಬಾಟಲಿಯ ಕತ್ತಿನ ಮೇಲೆ ಒಂದು ಸುತ್ತು ಹಾಕಿ, ನಿಂತು, ಮೀಸೆ ತೀಡಿಕೊಂಡಿತು.

ಪಕ್ಕದ ಮನೆಯ ಶ್ಯಾಮಲಮ್ಮ ಗಿಡ್ಡ ಗೋಡೆಯಾಚೆ ಪಾತ್ರೆ ತೊಳೆಯುತ್ತಿದ್ದವರು ಅದನ್ನು ನೋಡಿಬಿಟ್ಟರು.

"ನಲ್ಲಪ್ಪಾ! ನಿಮ್ಮ ಜೇನಿಗೆ ಇರುವೆ ಬಂದೈತೆ!"

ನಲ್ಲಪ್ಪ ಆಗಲೇ ಸಿಟ್ಟಿನಲ್ಲಿದ್ದ. ಬೆಳಿಗ್ಗೆ ಬಾಗಿಲು ತೆಗೆದರೆ ಮೋರಿಯ ಪಕ್ಕ ಬ್ರಾಂದಿ ಬಾಟಲಿ ಬಿದ್ದಿತ್ತು. "ಹುಣ್ಣಿಮೆ ದಿನಾನೂ ಬಿಡಲ್ವಲ್ರೋ, ನಿಮ್ಮ ಬಾಯಿಗೆ ಮಣ್ಣಾಕ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿ ಒದ್ದರೆ, ಬಾಟಲಿ ಉರುಳದೆ ಚಪ್ಪಲಿಗೆ ಅಂಟಿಕೊಂಡು ಬಂದಿತ್ತು. ಅದನ್ನು ಬಿಡಿಸಲು ಒಂಟಿಕಾಲಲ್ಲಿ ಕುಣಿದದ್ದನ್ನು ಎದುರುಮನೆಯವರು ನೋಡಿ ನಕ್ಕಿದ್ದರು.

"ಬರ್ಲಿ ಬಿಡಕ್ಕಾ. ಸಿಹಿಗೆ ಇರುವೆ ಬರ್ದೆ ಇನ್ನೇನು ಆನೆ ಬರ್ತದಾ?"

"ಶುದ್ಧ ಜೇನಿಗೆ ಇರುವೆ ಬರಲ್ಲ ಕಣಪ್ಪ. ಸಕ್ಕರೆ ಪಾಕಕ್ಕೆ ಬರ್ತದೆ. ಚೂಡು, ನೋಡಲ್ಲಿ, ಇನ್ನೊಂದು ಬಂತು!"

ನಲ್ಲಪ್ಪನ ಎದೆ ಧಸಕ್ಕೆಂದಿತು. ಅದಕ್ಕೆ ಕಾರಣವಿತ್ತು.

ನಲ್ಲಪ್ಪ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತ. ಗೂಡೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಚೆನ್ನಾಗಿದೆಯೋ ಸತ್ತು ಕರಗಿದೆಯೋ ಹೇಳಬಲ್ಲವನು. ಅಂಥವನು ಹೋದ ವರ್ಷ ಬುದ್ಧವಿಹಾರದ ಪೂಜೆಗೆ ತಂದ ಬಾಳೆಹಣ್ಣು ಕಾರ್ಬೈಡ್ ಮದ್ದಿಗೆ ಹಣ್ಣಾಗಿ, ಹೊರಗೆ ಬಂಗಾರ, ಒಳಗೆ ಹಸಿ ಕಟ್ಟಿಗೆಯಾಗಿತ್ತು. ವಿಹಾರದ ಭಿಕ್ಷು ಭಂತೇಜಿ ಒಂದು ಕಚ್ಚಿ, ನಕ್ಕು, ಪಕ್ಕಕ್ಕಿಟ್ಟರು. ಊರು ನಕ್ಕಿತು, ಪಕ್ಕಕ್ಕಿಡಲಿಲ್ಲ. ಅಂದಿನಿಂದ ಅವನು 'ಕಾರ್ಬೈಡ್ ನಲ್ಲಪ್ಪ'. ಮೇಲೂರಿನಿಂದ ಗೂಡು ತಂದ ರೈತರೂ "ಕಾರ್ಬೈಡ್ ಸಾರ್ ಎಲ್ಲಿ?" ಅಂತ ಕೇಳುವಷ್ಟು ಆ ಹೆಸರು ಬೆಳೆದಿತ್ತು.

ಇವತ್ತು ಮಧುಪೂರ್ಣಿಮೆ. ಕಾಡಿನಲ್ಲಿ ಒಬ್ಬನೇ ಇದ್ದ ಬುದ್ಧನಿಗೆ ಕೋತಿಯೊಂದು ಜೇನುತಟ್ಟಿ ತಂದುಕೊಟ್ಟ ದಿನ. ಬುದ್ಧ ತಗೊಳ್ಳದೆ ಸುಮ್ಮನಿದ್ದನಂತೆ. ಕೋತಿ ತಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಒಳಗಿದ್ದ ಮರಿಹುಳುಗಳನ್ನು ಒಂದೊಂದಾಗಿ ತೆಗೆದು, ಮತ್ತೆ ಕೊಟ್ಟಿತಂತೆ. ಬುದ್ಧ ತಗೊಂಡ. ಆ ಖುಷಿಗೆ ಕೋತಿ ಕೊಂಬೆಯಿಂದ ಕೊಂಬೆಗೆ ಕುಣಿದು, ಕೊಂಬೆ ಮುರಿದು, ದೊಪ್ಪನೆ ಬಿತ್ತಂತೆ. ನಲ್ಲಪ್ಪನ ಅಮ್ಮ ಆದಿಲಕ್ಷ್ಮಮ್ಮ ಈ ಕತೆಯನ್ನು ಪ್ರತಿವರ್ಷ ಹೇಳುತ್ತಿದ್ದರು. ನಲ್ಲಪ್ಪ ಪ್ರತಿವರ್ಷ, ಬೀಳುವ ಭಾಗ ಬರುವ ಹೊತ್ತಿಗೆ ಎದ್ದುಹೋಗುತ್ತಿದ್ದ.

"ಈ ಸಲ ಜೇನು ನನ್ನದು" ಎಂದು ವಿಹಾರದ ಸಭೆಯಲ್ಲಿ ಎದ್ದುನಿಂತು ಹೇಳಿ ಜವಾಬ್ದಾರಿ ಹೊತ್ತುಕೊಂಡಿದ್ದ. ಮಧ್ಯಾಹ್ನದ ಮೇಲೆ ಊಟ ಮುಟ್ಟದ ಭಂತೇಜಿ ಸಂಜೆ ನಾಲ್ಕಕ್ಕೆ ಬಂದು ಜೇನು ಮಾತ್ರ ಸ್ವೀಕರಿಸುವರು. ನೆನ್ನೆ ಸೂಪರ್ ಮಾರ್ಕೆಟ್ಟಿನಲ್ಲಿ ಅರ್ಧ ಗಂಟೆ ನಿಂತು, ಒಂದೊಂದು ಬಾಟಲಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಸೆಕ್ಯುರಿಟಿಯವನು ಹಿಂದೆ ಬಂದು ನಿಂತ ಮೇಲೆ ಒಂದನ್ನು ಆರಿಸಿದ್ದ. ಅಮ್ಮನೂ ಹೆಂಡತಿ ಯಶೋಧರಾಳೂ ನಸುಕಿಗೇ ವಿಹಾರ ಗುಡಿಸಲು ಹೋಗಿದ್ದರು. ಮನೆಯಲ್ಲಿ ಅವನೊಬ್ಬ, ಬಾಟಲಿಯೊಂದು, ಇರುವೆಗಳು ಎರಡು.

ಬಾಟಲಿಯನ್ನು ಬೆಳಕಿಗೆ ಹಿಡಿದ. ನೆನ್ನೆ ಹೊಂಬಣ್ಣ ಇದ್ದದ್ದು ಇವತ್ತು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಸೀಲು ಬೇರೆ ಒಡೆದಿತ್ತು. ಯಶೋಧರಾ ರುಚಿ ನೋಡಿರಬೇಕು. ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ಅವಳು ಮೊದಲು ನಗುತ್ತಾಳೆ, ಆಮೇಲೆ ಕಾರ್ಬೈಡ್ ಅನ್ನುತ್ತಾಳೆ. ಬೇಡ.

"ಒಂದೇ ರಾತ್ರೀಲಿ ಕಪ್ಪಾಗೈತಲ್ಲಕ್ಕಾ!"

"ಕೆಮಿಕಲ್ಲು!" ಎಂದರು ಶ್ಯಾಮಲಮ್ಮ, ಕೈ ಒರೆಸಿಕೊಂಡು, ಗೋಡೆ ಸುತ್ತಿ ಒಳಗೇ ಬಂದು. "ಕರೀರಿ ಮೇಷ್ಟ್ರನ್ನ!"

ಕರೆಯುವ ಅಗತ್ಯವೇ ಇರಲಿಲ್ಲ. ನಿವೃತ್ತ ವಿಜ್ಞಾನದ ಮೇಷ್ಟ್ರು ವೆಂಕಟರಾಮಪ್ಪ ಗೇಟಿನಲ್ಲೇ ಇದ್ದರು. ಅವರ ಹಿಂದೆ ಮೊಬೈಲು ಹಿಡಿದ ಸಿದ್ಧಾರ್ಥ್. ಇವನು ಡಿಗ್ರಿ ಮುಗಿಸಿ, ಬೀದಿಯವರ ಆರೋಗ್ಯ, ವಾಹನ, ವಾಸ್ತು ಎಲ್ಲಕ್ಕೂ ವಿಡಿಯೋ ನೋಡಿ ಸಲಹೆ ಕೊಡುವ ಹುಡುಗ.

"ಅಣ್ಣಾ, ವಾಟರ್ ಟೆಸ್ಟ್ ಮಾಡೋಣ. ಒರಿಜಿನಲ್ ಆದ್ರೆ ತಳಕ್ಕೆ ಕಲ್ಲಿನ ಥರ ಕೂತ್ಕೊಳುತ್ತೆ. ಡೂಪ್ಲಿಕೇಟ್ ಆದ್ರೆ ಕರಗುತ್ತೆ. ಹನ್ನೆರಡು ಲಕ್ಷ ಜನ ನೋಡವ್ರೆ ಈ ವಿಡಿಯೋನ."

ಗ್ಲಾಸಿನ ನೀರಿಗೆ ಒಂದು ಚಮಚ ಬಿಟ್ಟರು. ಜೇನು ಅರ್ಧ ದಾರಿಯಲ್ಲೇ ಹೊಗೆಯ ಹಾಗೆ ಹರಡಿಕೊಂಡಿತು.

"ಹೋಯ್ತು" ಎಂದ ಸಿದ್ಧಾರ್ಥ್, ಡಾಕ್ಟರು ಆಪರೇಷನ್ ಕೋಣೆಯಿಂದ ಹೊರಬಂದು ಹೇಳುವ ದನಿಯಲ್ಲಿ.

"ಒಂದೇ ಪ್ರಯೋಗದಿಂದ ತೀರ್ಮಾನ ಮಾಡಬಾರದು" ಎಂದರು ಮೇಷ್ಟ್ರು. ನಲ್ಲಪ್ಪನಿಗೆ ಅವರ ಕಾಲು ಮುಟ್ಟುವಷ್ಟು ಗೌರವ ಬಂತು. ಅದು ಎರಡು ನಿಮಿಷ ಇತ್ತು. ಮೇಷ್ಟ್ರು ಬೆಂಕಿಕಡ್ಡಿಯ ತಲೆಯನ್ನು ಜೇನಿನಲ್ಲಿ ಅದ್ದಿ ಗೀರಿದರು. ಹತ್ತಲಿಲ್ಲ. ಹತ್ತು ಕಡ್ಡಿ ಗೀರಿದರು. ಹನ್ನೊಂದನೆಯದರ ತಲೆಯೇ ಮುರಿದು ನಲ್ಲಪ್ಪನ ಕಣ್ಣಿಗೆ ಹಾರಿತು. "ನೀರಿನಂಶ ವಿಪರೀತ. ಫೇಲು."

"ನಾಯಿ ಮೂಸಲ್ಲ ಶುದ್ಧ ಜೇನನ್ನ" ಎಂದರು ಶ್ಯಾಮಲಮ್ಮ. ಬೀದಿನಾಯಿಯ ಮುಂದೆ ತಟ್ಟೆ ಇಟ್ಟರು. ನಾಯಿ ತಟ್ಟೆಯನ್ನು ತೊಳೆದಿಟ್ಟಂತೆ ನೆಕ್ಕಿ, ನಲ್ಲಪ್ಪನ ಕೈಯನ್ನೂ ನೆಕ್ಕಿ, ಜೀವಮಾನದ ಸ್ನೇಹಿತನನ್ನು ನೋಡುವಂತೆ ಅವನನ್ನು ನೋಡಿತು. ಅವತ್ತು ಅವನ ಪರವಾಗಿ ನಿಂತ ಪ್ರಾಣಿ ಅದೊಂದೇ. ನಲ್ಲಪ್ಪ ಅದಕ್ಕೂ ಹಚಾ ಅಂದ.

"ಅಯ್ಯೋ, ಒಳ್ಳೇದು ಯಾವ್ದು ಅಂತ ತೋರಿಸ್ತೀನಿ ತಡೀರಿ" ಎಂದು ಶ್ಯಾಮಲಮ್ಮ ಮನೆಗೆ ಓಡಿ ಒಂದು ಸ್ಟೀಲ್ ಡಬ್ಬಿ ತಂದರು. ಮುಚ್ಚಳದ ಮೇಲೆ ಅವರ ಹೆಸರು ಕೊರೆಸಿತ್ತು. ನಲ್ಲಪ್ಪನಿಗೆ ಆ ಡಬ್ಬಿಯನ್ನು ಎಲ್ಲೋ ನೋಡಿದ ಹಾಗನ್ನಿಸಿತು. ಸಿಟ್ಟಿನಲ್ಲಿ ಎಲ್ಲಿ ಅಂತ ನೆನಪಾಗಲಿಲ್ಲ.

"ನಮ್ಮ ತೌರೂರು ಚೇಳೂರು ಕಡೆ ಬೆಟ್ಟದ ಜೇನು. ನಮ್ಮ ತಮ್ಮ ಮರ ಹತ್ತಿ ಕಿತ್ತಿದ್ದು. ಹಾಕು ನೀರಿಗೆ!"

ಹಾಕಿದರು. ಹೊಂಬಣ್ಣದ ಎಳೆ ನೆಟ್ಟಗೆ ಇಳಿದು ಗ್ಲಾಸಿನ ತಳದಲ್ಲಿ ಮುತ್ತಿನ ಹಾಗೆ ಕೂತಿತು. ಕಡ್ಡಿ ಗೀರಿದರೆ ಭಗ್ಗೆಂದಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಜೇನು. ಇದು ಪ್ರಕೃತಿ."

"ನಾಯಿಗೂ ಹಾಕಿ ನೋಡೋಣ" ಎಂದ ನಲ್ಲಪ್ಪ.

"ನಮ್ಮ ತೌರಿನ ಜೇನು ನಾಯಿಗೆ ಹಾಕೋಕೆ ಬಿಟ್ಟಿ ಬಿದ್ದೈತಾ?"

ಸಿದ್ಧಾರ್ಥ್ ಹಲ್ಲು ಬಿಟ್ಟ. "ಅಣ್ಣಾ, ಹೋದ ವರ್ಷ ಕಾರ್ಬೈಡು, ಈ ವರ್ಷ ಸಕ್ಕರೆ ಪಾಕ. ಮುಂದಿನ ವರ್ಷ ಏನ್ ತರ್ತೀರ?"

ನಲ್ಲಪ್ಪನ ಕಣ್ಣಿಗೆ ಕತ್ತಲೆ ಬಂತು. ಯಾರ ಮೇಲೆ ಸಿಟ್ಟು ಮಾಡಬೇಕು ಅಂತ ತಿಳಿಯದಷ್ಟು ಸಿಟ್ಟು. ಹಾಲಿಗೆ ನೀರು, ಅರಿಶಿನಕ್ಕೆ ಬಣ್ಣ, ಹಣ್ಣಿಗೆ ಮದ್ದು, ಈಗ ಹೂವಿನ ರಸಕ್ಕೂ ಪಾಕ! ಬುದ್ಧನಿಗೆ ಕೊಡುವುದರಲ್ಲೂ ಮೋಸ! ಒಂದು ಕೋತಿ ಶುದ್ಧವಾದದ್ದು ಹುಡುಕಿ ಕೊಟ್ಟಿತಂತೆ, ಪಿಯುಸಿ ಪಾಸಾದ ಮನುಷ್ಯನ ಕೈಲಿ ಆಗುವುದಿಲ್ಲವೇ? ಬಾಟಲಿ ಎತ್ತಿಕೊಂಡ. "ಗಾಡಿ ತೆಗಿಯೋ ಸಿದ್ಧಾರ್ಥ!"

ಸೂಪರ್ ಮಾರ್ಕೆಟ್ಟಿನ ತಣ್ಣನೆ ಗಾಳಿಯಲ್ಲಿ ನಲ್ಲಪ್ಪ ಬೆಂಕಿಯಂತೆ ನಿಂತು ಕೂಗಿದ. ತಳ್ಳುಗಾಡಿ ಹಿಡಿದವರು ಸಾಮಾನು ಬಿಟ್ಟು ಸುತ್ತ ನೆರೆದರು. ಬಿಲ್ ಹಾಕುವ ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು. ಮ್ಯಾನೇಜರ್ ಕೇಶವ್ ಓಡಿ ಬಂದ. ಮಂಚೇನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ, ಇಸ್ತ್ರಿ ಷರಟಿನ ಯುವಕ.

"ಸಾರ್, ಸೀಲ್ ಒಡೆದಿದೆ. ಓಪನ್ ಮಾಡಿದ್ದನ್ನ ವಾಪಸ್ ತಗೊಳಲ್ಲ ಸಾರ್."

"ಒಡೀದೆ ಹೆಂಗಯ್ಯಾ ಪರೀಕ್ಷೆ ಮಾಡ್ಲಿ? ಕಿವೀಲಿ ಕೇಳಿ ತಗೊಂಡೆ, ಮೋಸ ಹೋದೆ! ನೆಕ್ಕು! ನೀನೇ ನೆಕ್ಕಿ ನೋಡು!"

ಕೇಶವ್ ಅನುಮಾನದಿಂದ ಬೆರಳು ಅದ್ದಿ ನಾಲಿಗೆಗಿಟ್ಟ. ಅವನ ಮುಖ ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು, ಬಹಳ ದಿನದ ಮೇಲೆ ಅಜ್ಜಿಯ ದನಿ ಕೇಳಿದವನ ಹಾಗೆ. ಇನ್ನೊಮ್ಮೆ ಅದ್ದಿದ.

"ಸಾರ್... ಇದು ಇದೇ ಬಾಟ್ಲೀದಾ?"

"ಮತ್ತೇನು, ನಮ್ಮ ಸೋದರಮಾವ ಬೆಟ್ಟ ಹತ್ತಿ ತಂದುಕೊಟ್ನಾ?"

"ಇಲ್ಲ ಇಲ್ಲ, ಸಾರಿ ಸಾರ್. ತುಂಬಾ ತಪ್ಪಾಗಿದೆ" ಎಂದ ಕೇಶವ್, ಬಾಟಲಿಯ ಮುಚ್ಚಳವನ್ನು ಎರಡು ಕೈಯಲ್ಲೂ ಭದ್ರವಾಗಿ ತಿರುಗಿಸುತ್ತ. "ಇದನ್ನ ನಾನೇ ಲ್ಯಾಬಿಗೆ ಕಳಿಸ್ತೀನಿ. ಒಂದಕ್ಕೆ ಎರಡು ಹೊಸ ಬಾಟ್ಲಿ ತಗೊಳ್ಳಿ ಸಾರ್."

ನೆರೆದವರು ಚಪ್ಪಾಳೆ ತಟ್ಟಿದರು. "ಹಿಂಗಿರ್ಬೇಕು ಗ್ರಾಹಕ ಅಂದ್ರೆ" ಅಂದರು ಯಾರೋ. ಬೈಕಿನ ಹಿಂದೆ ಎರಡು ಬಾಟಲಿಗಳನ್ನು ಎದೆಗವಚಿ ಕೂತ ನಲ್ಲಪ್ಪನಿಗೆ ಊರಿನ ಮರಗಳ ಕೊಂಬೆಗಳೆಲ್ಲ ಕೈಗೆಟಕುವಂತೆ ಕಂಡವು.

ಮನೆಯಲ್ಲಿ ಅಮ್ಮ ಅಡುಗೆಮನೆಯ ಕಿಟಕಿಯ ಮುಂದೆ ನಿಂತಿದ್ದರು.

"ಇಲ್ಲಿದ್ದ ಜೇನೆಲ್ಲೋ?"

"ಆ ಪಾಕ ತಾನೆ? ಅಂಗಡಿಯವನ ಮುಖದ ಮೇಲೆ ಎಸೆದು ಬಂದೆ! ಒಂದಕ್ಕೆರಡು ತಂದೀನಿ ನೋಡು!"

ಆದಿಲಕ್ಷ್ಮಮ್ಮ ಮೆಲ್ಲಗೆ ನೆಲದ ಮೇಲೆ ಕೂತರು.

"ಪಾಕ ಅಲ್ವೋ. ಅಂಬಾಜಿದುರ್ಗದ ಹೆಜ್ಜೇನು. ನಿನ್ನ ಸೋದರಮಾವ ಆವಲಪ್ಪ ಬಂಡೆ ಹತ್ತಿ ಕಿತ್ಕೊಂಡು, ನಸುಕಿನಲ್ಲಿ ಬಂದು ಕೊಟ್ಟು, ಅದೇ ಕಾಲಲ್ಲಿ ಕೆಲಸಕ್ಕೆ ಹೋದ. ಆ ಪುಣ್ಯಾತ್ಮ ತಂದಿದ್ದು ಬ್ರಾಂದಿ ಬಾಟ್ಲೀಲಿ! ಕುಡಿಯಲ್ಲ ಅಂತ ಪಂಚಶೀಲ ಹೇಳೋ ಜಾಗಕ್ಕೆ ಬ್ರಾಂದಿ ಬಾಟ್ಲಿ ಹೆಂಗೋ ತಗೊಂಡೋಗ್ಲಿ? ನಿನ್ನ ಅಂಗಡಿ ಬಾಟ್ಲಿ ಚೆನ್ನಾಗಿತ್ತು, ಅದರೊಳಗಿದ್ದದ್ದು ಖಾಲಿ ಮಾಡಿ ಇದನ್ನ ತುಂಬಿದೆ. ನೀನು ಗೊರಕೆ ಹೊಡೀತಿದ್ದೆ."

ನಲ್ಲಪ್ಪನಿಗೆ ಚಪ್ಪಲಿಗೆ ಅಂಟಿದ ಬಾಟಲಿ ನೆನಪಾಯಿತು. "ಒಳಗಿದ್ದದ್ದು ಏನ್ ಮಾಡ್ದೆ?"

"ಶ್ಯಾಮಲಮ್ಮ ಗೌರಿ ಹಬ್ಬಕ್ಕೆ ಒಬ್ಬಟ್ಟು ಕೊಟ್ಟಿದ್ದ ಡಬ್ಬಿ ನಮ್ಮನೇಲೇ ಇತ್ತಲ್ಲ. ಖಾಲಿ ಡಬ್ಬಿ ವಾಪಸ್ ಕೊಡ್ತಾರಾ ಯಾರಾದ್ರೂ? ಅದಕ್ಕೆ ಸುರಿದು, ಜೇನೈತೆ ಅಂತ ಹೇಳಿ ಕೊಟ್ಟು ಹೋದೆ. ಯಾಕೋ, ಮುಖ ಹಂಗಾಯ್ತು?"

ನಲ್ಲಪ್ಪ ಓಡಿದ. ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ಸೆಕ್ಯುರಿಟಿಯವನು ಅವನನ್ನು ಗುರುತು ಹಿಡಿದು ಸಲಾಮು ಹೊಡೆದ. "ಕೇಶವ್ ಸಾರಾ? ಮಗೂಗೆ ಕೆಮ್ಮು ಅಂತ ಆಗಲೇ ಊರಿಗೆ ಹೋದ್ರು ಸಾರ್. ಬ್ಯಾಗಲ್ಲಿ ಏನೋ ಬಾಟ್ಲಿ, ಮಗೂನೇ ಎತ್ಕೊಂಡಂಗೆ ಎತ್ಕೊಂಡಿದ್ರು."

ನಾಲ್ಕಕ್ಕೆ ಐದು ನಿಮಿಷವಿತ್ತು. ನಲ್ಲಪ್ಪ ಬೆವರು ಸುರಿಸುತ್ತ ವಿಹಾರ ಮುಟ್ಟಿ, ಹೊಸ ಬಾಟಲಿಯೊಂದನ್ನು ಬುದ್ಧನ ಮುಂದೆ ಇಡಹೋದ. "ತಡಿಯಪ್ಪ ನಲ್ಲಪ್ಪ!" ಎಂದರು ಶ್ಯಾಮಲಮ್ಮ ಎಲ್ಲರ ನಡುವೆ ಎದ್ದು. "ಅದೇ ಅಂಗಡಿ ಪಾಕ ಮತ್ತೆ ತಂದ್ಯಾ? ಮೇಷ್ಟ್ರೇ ಪರೀಕ್ಷೆ ಮಾಡವ್ರೆ. ನಮ್ಮ ತೌರಿನ ಜೇನು ನಾನು ತಂದೀನಿ." ಡಬ್ಬಿಯನ್ನು ತಲೆಯ ಎತ್ತರಕ್ಕೆ ಎತ್ತಿ ತಂದಿಟ್ಟರು. ಮೇಷ್ಟ್ರು ತಲೆದೂಗಿದರು. ಭಂತೇಜಿ ಒಂದು ಚಮಚ ಸ್ವೀಕರಿಸಿ, ಕೊಟ್ಟವರಿಗೆ ಒಳಿತಾಗಲಿ ಎಂದು ಕಣ್ಣು ಮುಚ್ಚಿದರು.

ನಲ್ಲಪ್ಪ ಸಿಟ್ಟಿನಿಂದ ಬಾಯಿ ತೆರೆದ. ಅಮ್ಮ ತೋಳು ಚಿವುಟಿದರು.

"ಸುಮ್ನಿರೋ. ನಾನು ಕೊಟ್ಟಿದ್ದನ್ನೇ ತೌರಿಂದು ಅಂತಾಳೆ, ಅನ್ಲಿ ಬಿಡು. ಬಾಯಿ ಬಿಟ್ರೆ, ನೀನು ಬೇಡ ಅಂದ ಅಂಗಡಿ ಜೇನನ್ನ ನಾನೇ ಒಬ್ಬಟ್ಟಿನ ಡಬ್ಬಿಗೆ ತುಂಬಿ ಕೊಟ್ಟೆ ಅಂತ ಆಗಲ್ವಾ? ಇನ್ನು ನಾನು ಬೀದೀಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

ಬಾಯಿ ಮುಚ್ಚಿತು. ಹಿಂದಿನಿಂದ ಸಿದ್ಧಾರ್ಥ್ ಯಾರಿಗೋ ಹೇಳುತ್ತಿದ್ದ: "ಅವ್ರೇ ಕಣೋ, ಪಾಕದ ನಲ್ಲಪ್ಪಣ್ಣ." ಕಾರ್ಬೈಡ್ ಅನ್ನುವ ಹೆಸರು ಅಂತೂ ಹೋಯಿತು.

ಮನೆಗೆ ಬಂದು ಅರ್ಧ ಗಂಟೆಯಾಗಿರಲಿಲ್ಲ, ಬಾಗಿಲಲ್ಲಿ ಶ್ಯಾಮಲಮ್ಮ. ಮುಖದಲ್ಲಿ ಕರುಣೆ ತುಂಬಿ ತುಳುಕುತ್ತಿತ್ತು. ಕೈಯಲ್ಲಿ ಅದೇ ಡಬ್ಬಿ.

"ಭಂತೇಜಿಗೆ ಕೊಟ್ಟು ಉಳಿದಿದ್ದು ಕಣಮ್ಮ ಆದಿಲಕ್ಷ್ಮಮ್ಮ. ಒರಿಜಿನಲ್ಲು. ಪಾಪ, ನಿಮ್ಮ ನಲ್ಲಪ್ಪನೂ ಒಂದು ಸಲ ನಿಜವಾದ ಜೇನಿನ ರುಚಿ ನೋಡ್ಲಿ. ಡಬ್ಬಿ ಮಾತ್ರ ಬೇಗ ಕೊಡ್ರಿ, ಹೋದ ಸಲ ಹತ್ತು ಹನ್ನೆರಡು ದಿನ ಇಟ್ಕೊಂಡಿದ್ರಿ."

ಅವರು ಹೋದ ಮೇಲೆ ಯಶೋಧರಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಡುಮನೆಗೆ ಓಡಿದಳು. ಅಮ್ಮ ಡಬ್ಬಿಯ ಜೇನನ್ನು ಬಟ್ಟಲಿಗೆ ಸುರಿದು, ಡಬ್ಬಿ ತೊಳೆದು, ಒರೆಸಿ, ಮಗನ ಮುಂದಿಟ್ಟರು.

"ಇವತ್ತೇ ಕೊಟ್ಬಿಡೋ."

"ಕೊಡು."

"ಖಾಲಿ ಕೊಡೋಕಾಗಲ್ಲವಲ್ಲೋ."

ನಲ್ಲಪ್ಪ ಅಮ್ಮನನ್ನು ನೋಡಿದ. ಕಿಟಕಿಯಲ್ಲಿದ್ದ ಎರಡು ಹೊಸ ಬಾಟಲಿಗಳನ್ನು ನೋಡಿದ. ಆಮೇಲೆ ಹಲ್ಲು ಕಚ್ಚಿ, ಒಂದರ ಸೀಲು ಒಡೆದು, ಹೊಂಬಣ್ಣದ ಜೇನನ್ನು ಡಬ್ಬಿಗೆ ಬಗ್ಗಿಸತೊಡಗಿದ. ಬಾಟಲಿಯ ಕತ್ತಿನ ಮೇಲೆ ಒಂದು ಕೆಂಪಿರುವೆ ಆಗಲೇ ಬಂದು ನಿಂತಿತ್ತು.