ರಫ್ ಪ್ಯಾಚಿಗೆ ಹತ್ತಕ್ಕೆ ಹತ್ತು

"ಇವತ್ತ ನನ್ನ ಇಂಗ್ಲಿಷಿನ್ಯಾಗ ಒಂದ ತಪ್ಪು ಸಿಗಲಿ, ನನ್ನ ಹೆಸರು ಪ್ರಲ್ಹಾದನ ಅಲ್ಲ!"

ಜಲನಗರದ ಪ್ರಲ್ಹಾದನ ಈ ಭೀಷ್ಮ ಪ್ರತಿಜ್ಞೆಯನ್ನು ಕೇಳಲು ಮನೆಯಲ್ಲಿ ಫ್ರಿಜ್ ಬಿಟ್ಟರೆ ಯಾರೂ ಇರಲಿಲ್ಲ. ಹೆಂಡತಿ ದೀಪಾಲಿ ನಿಡೋಣಿಯಲ್ಲಿ ಇಂಗ್ಲಿಷ್ ಟೀಚರ್. ಹತ್ತನೆಯ ತರಗತಿಯ ಸ್ಪೆಶಲ್ ಕ್ಲಾಸಿಗೆಂದು ಅಲ್ಲೇ ಕೋಣೆ ಹಿಡಿದು ಮೂರು ವಾರವಾಗಿತ್ತು. ಗಂಡನ ಮೆಸೇಜನ್ನೂ ತಿದ್ದಿ ವಾಪಸು ಕಳಿಸುವ ಮಹಾತಾಯಿ! 'ನೀನಿಲ್ಲದೆ ಮನೆ ಬಿಕೋ ಅನ್ನುತ್ತಿದೆ, ಶನಿವಾರ ಬಾ' ಎಂದು ಕನ್ನಡದಲ್ಲಿ ಹೇಳಲು ನಲವತ್ತೆಂಟರ ಗಂಡಸಿಗೆ ನಾಚಿಕೆ. ಇಂಗ್ಲಿಷಿನಲ್ಲಾದರೆ ನಾಚಿಕೆ ಇಂಗ್ಲಿಷಿನವರಿಗೆ!

ಡಿಕ್ಷನರಿ ಜಾಲಾಡಿ ಚೀಟಿಯಲ್ಲಿ ಬರೆದ: 'ಐ ಯಾಮ್ ಗೋಯಿಂಗ್ ಥ್ರೂ ಎ ರಫ್ ಪ್ಯಾಚ್.' ಕಷ್ಟದ ದಿನ ಕಳೆಯುತ್ತಿದ್ದೇನೆ ಎಂದರ್ಥ. ಕಳಿಸುವ ಮೊದಲು ಪರೀಕ್ಷಿಸಲೆಂದು ಆಫೀಸಿನಲ್ಲಿ ಕೈಕೆಳಗಿನ ಗುಮಾಸ್ತ ಬಸಗೊಂಡಪ್ಪನ ಮುಂದೆ ಹಿಡಿದ.

ಬಸಗೊಂಡಪ್ಪ ಓದಿ ಕಣ್ಣೊರೆಸಿಕೊಂಡ. "ಯಾವಾಗ ಆತ್ರಿ ಸರ ಇದು?"

"ಏನೂ ಆಗಿಲ್ಲೋ ಮಾರಾಯಾ! ವಾಕ್ಯ ಬರೋಬ್ಬರಿ ಐತೇನ್ ಹೇಳು!"

"ಇಂಥಾ ದುಃಖದಾಗ ಎಂಥಾ ವಾಕ್ಯರಿ!"

ಸಂಜೆಗೆ ಇಡೀ ಆಫೀಸು ಪ್ರಲ್ಹಾದನನ್ನು 'ಮಾತಾಡಿಸಲು', ಅಂದರೆ ಸಾವಿನ ದುಃಖದಲ್ಲಿ ಸಮಾಧಾನ ಹೇಳಲು, ಮನೆಗೆ ಬಂತು. ಮಾತಾಡಿಸಲು ಬಂದವರು ಮಾತಾಡಬಾರದೆಂಬುದೇ ನಮ್ಮ ಕಡೆಯ ಪದ್ಧತಿ. ಹನ್ನೊಂದು ಜನ ಗೋಡೆಗೆ ಒರಗಿ ಫ್ಯಾನು ನೋಡುತ್ತ ಕುಳಿತರು. ಪಕ್ಕದ ಮನೆಯ ತುಂಗಾಬಾಯಿ ಬಾಗಿಲ ಮುಂದಿನ ಚಪ್ಪಲಿ ಎಣಿಸಿಯೇ ವಿಷಯ ತಿಳಿದು, ಭಕ್ರಿ, ಪುಂಡಿಪಲ್ಲೆ ಹೊತ್ತು ತಂದರು. "ಇವತ್ತ ಒಲಿ ಹಚ್ಚಬ್ಯಾಡಪಾ."

"ಕಾಕೂ, ಯಾರೂ ಸತ್ತಿಲ್ಲ! ದೀಪಾಲಿ ಊರಾಗಿಲ್ಲ, ಬ್ಯಾಸರಾಗ್ಯದ, ಅಷ್ಟ!"

ಹನ್ನೊಂದು ತಲೆಗಳೂ ಫ್ಯಾನಿನಿಂದ ಕೆಳಗಿಳಿದವು. "ಇಷ್ಟಕ್ಕ ನಾ ಸಂತಿ ಬಿಟ್ಟು ಬಂದ್ನೇನ್ರಿ ಸರ?" ಎಂದ ಬಸಗೊಂಡಪ್ಪ. ಸಾವಿನ ಮನೆಯಲ್ಲಿ 'ಬರ್ತೀವಿ' ಅನ್ನುವಂತಿಲ್ಲ, ಸರಿ. ಇವರು ಸಿಟ್ಟಿಗೆ ಅನ್ನದೆ ಹೋದರು. ತುಂಗಾಬಾಯಿ ಪಲ್ಲೆಯ ಡಬ್ಬಿಯನ್ನೂ ಒಯ್ದರು. ಅರ್ಧ ತಾಸು ತುಂಬಿದ್ದ ಮನೆ ಖಾಲಿಯಾದಾಗ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಪ್ರಲ್ಹಾದನಿಗೆ ನಿಜಕ್ಕೂ ಅಳು ಬಂತು.

ವಾಕ್ಯವನ್ನು ಹೆಂಡತಿಗೆ ಕಳಿಸಿಯೇ ಬಿಟ್ಟ. ಎರಡೇ ನಿಮಿಷಕ್ಕೆ ಫೋನು!

"ಏನ್ರೀ, ಒಂದೂ ತಪ್ಪಿಲ್ಲ! ಹತ್ತಕ್ಕ ಹತ್ತು!"

ಪ್ರಲ್ಹಾದ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. "ಹಂಗಾರ... ಶನಿವಾರ..."

"ಶನಿವಾರ ಕ್ಲಾಸ್ ಅದರಿ, ಇದನ್ನ ಬೋರ್ಡಿನ ಮ್ಯಾಲ ಬರೀತೀನಿ. ಇಷ್ಟು ಚಂದ ಬರದದ್ದಂದ್ರ ನಿಮ್ಮದಂತೂ ಅಲ್ಲ. ಯಾವ ಪುಸ್ತಕದಾಗಿಂದ ಹೊಡದ್ರಿ?"