ಲೋಟದ ಮೇಲಿನ ಹೆಸರು

ಸಿಂಚನಾ, ಚಿರಂತ್, ದುಡ್ಡು ಕೊಟ್ಟು ಇಟ್ಟುಕೊಳ್ಳುವಂಥ ಆ್ಯಪ್ ಯಾವುದು, ಬರೀ ದಂಡ ಯಾವುದು ಎಂದು ನೀವಿಬ್ಬರೂ ಊಟದ ಹೊತ್ತಿನಲ್ಲಿ ಜಗಳವಾಡುವಾಗ ನಾನು ಸಾರು ಬಡಿಸುತ್ತಾ ಸುಮ್ಮನಿರುತ್ತೇನೆ. ನನಗೆ ಅಭಿಪ್ರಾಯವಿಲ್ಲವೆಂದಲ್ಲ. ನಾಲ್ಕು ಜನರೆದುರು ಬಾಯಿ ಬಿಡಬೇಕೆಂದರೆ ಈಗಲೂ ಹೆಬ್ಬೂರಿನ ಸ್ಕೂಲಿನಲ್ಲಿ ಮೇಷ್ಟ್ರು ಎದ್ದು ನಿಲ್ಲಿಸಿದ ಹಾಗಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಜಾಹೀರಾತಿಲ್ಲದೆ ಹಾಡು ಕೇಳಿಸುವ ಆ್ಯಪ್ ನನಗೆ ಬೇಡ. ಹಾಡಿನ ನಡುವೆ ಸೋಪು ಮಾರಲು ಬರುವ ಹೆಂಗಸು ಈಗ ನನಗೆ ನೆಂಟಳಂತಾಗಿದ್ದಾಳೆ. ಧಾರಾವಾಹಿಯನ್ನು ಒಂದು ದಿನ ಮೊದಲೇ ತೋರಿಸುವುದೂ ಬೇಡ. ನಾಳೆಯ ಅಳುವನ್ನು ಇವತ್ತೇ ಅತ್ತು ಮುಗಿಸಿದರೆ ನಾಳೆ ಏನು ಮಾಡಲಿ? ಆದರೆ ನಿಮ್ಮ ತಾತನ ಆ್ಯಪಿಗೆ ದುಡ್ಡು ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡಿ.

ತಾತ ತುಮಕೂರು–ಕುಣಿಗಲ್ ರೂಟಿನಲ್ಲಿ ಬಸ್ ಕಂಡಕ್ಟರಾಗಿದ್ದವರು. ರಿಟೈರಾದ ಮೇಲೆ ಕಣ್ಣು ಮಂಜಾಗಿ ಚೀಟಿ ಬರೆಯಲು ಕಷ್ಟವಾಯಿತು. ಆಗ ನಿಮ್ಮ ಅಮ್ಮ ಶಶಿ, ಹೇಳಿದ್ದನ್ನೆಲ್ಲ ದನಿಯಲ್ಲೇ ತೆಗೆದಿಡುವ ಆ್ಯಪೊಂದನ್ನು ಅವರ ಫೋನಿಗೆ ಹಾಕಿಕೊಟ್ಟಳು. "ನನ್ ಮಾತಿಗೆ ನಾನೇ ಚಾರ್ಜ್ ಕೊಡ್ಬೇಕೇನವ್ವಾ? ಇದ್ಯಾವ ಸೀಮೆ ಟಿಕೆಟ್ಟು!" ಎಂದು ಗೊಣಗಿದರು. ಆಮೇಲೆ ಬಿಟ್ಟವರಲ್ಲ. ಗೂಳೂರು, ಹೆಬ್ಬೂರು ಎಂದು ಕೂಗುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರಲ್ಲ, ಫೋನಿಗೂ ಹಾಗೇ ಕೆಮ್ಮಿ, "ಅವರೆಕಾಯಿ ಎರಡು ಕೇಜಿ. ಇವಳ ಬಿ.ಪಿ. ಮಾತ್ರೆ. ಗೇಟಿನ ಕೀಲಿಗೆ ಎಣ್ಣೆ" ಎನ್ನುತ್ತಿದ್ದರು. ಅಷ್ಟೇ. ಒಂದು ಒಳ್ಳೆಯ ಮಾತು ಅದರಲ್ಲಿಲ್ಲ. ಆದರೂ ಅವರ ದನಿ ಉಳಿದಿರುವುದು ಅದೊಂದರಲ್ಲೇ.

ಅವರು ಹೋದ ಮೇಲೆ ಬ್ಯಾಂಕ್ ಖಾತೆ ನಿಂತು, ಆ್ಯಪಿಗೆ ದುಡ್ಡು ಹೋಗಲಿಲ್ಲ. ವಾರದೊಳಗೆ ಕಟ್ಟದಿದ್ದರೆ ಎಲ್ಲ ಅಳಿಸಿಹೋಗುತ್ತದೆ ಎಂದು ಮೆಸೇಜ್ ಬಂತು. ಶಶಿ ಓಡಾಡಿ ಕಾಗದಪತ್ರ ಕಳಿಸಿದಳು. ತಾತ ತಮ್ಮ ನಂತರದವರೆಂದು ನನ್ನನ್ನು ಬರೆಸಿದ್ದರಂತೆ. ಹಾಗಾಗಿ ಕಂಪನಿಯವರು ನನ್ನೊಂದಿಗೇ ಮಾತಾಡಬೇಕಂತೆ. "ಏನಿಲ್ಲ ಅತ್ತೆ, ಹೆಸ್ರು ಕೇಳ್ತಾರೆ, ಹೇಳ್ಬುಡಿ" ಎಂದು ಹೇಳಿ ಅವಳು ಗುಬ್ಬಿಯಲ್ಲಿರುವ ತನ್ನ ಆಫೀಸಿಗೆ ಹೋದಳು.

ಹೇಳಿಬಿಡುವುದು! ಗಂಡನ ಹೆಸರು ಹೇಳಿದರೆ ಅವರ ಆಯುಸ್ಸು ಕಡಿಮೆಯಾಗುತ್ತದೆ ಎಂದು ನನ್ನ ತಾಯಿ ಕಲಿಸಿದ್ದಳು. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ತಾತ ನನ್ನನ್ನು ಬಿಟ್ಟು ಮುಂದೆ ಹೋಗುತ್ತಿದ್ದಾಗ "ರೀ!" ಎಂದು ಕೂಗಿದೆ. ಸುತ್ತಲಿದ್ದ ಗಂಡಸರೆಲ್ಲ ತಿರುಗಿದರು, ಅವರೊಬ್ಬರನ್ನು ಬಿಟ್ಟು. ಆಮೇಲೆ ಅವರು, "ಒಂದ್ಸಲ ಹೆಸ್ರು ಹಿಡ್ದು ಕರಿಯೇ, ನಾನೇನು ಸತ್ತೋಗ್ತೀನಾ?" ಎಂದು ನಕ್ಕರು. ನಾನು ಕರೆಯಲಿಲ್ಲ. ಜನಗಣತಿಯವರು ಬಂದರೂ ಅಡುಗೆಮನೆಯಿಂದ ಲೋಟ ತಂದು ಅದರ ಮೇಲೆ ಕೆತ್ತಿಸಿದ್ದ ಹೆಸರು ತೋರಿಸುತ್ತಿದ್ದೆ. ನಮ್ಮ ಪಾತ್ರೆಗಳು ನನಗಿಂತ ಧೈರ್ಯಸ್ಥರು.

ಮಧ್ಯಾಹ್ನ ಕರೆ ಬಂತು. ಒಂದು ಹುಡುಗಿ.

"ಅಮ್ಮ, ಈ ಕರೆ ರೆಕಾರ್ಡ್ ಆಗ್ತಿದೆ. ಖಾತೆದಾರರ ಹೆಸರು ಹೇಳಿ."

"ನಮ್ ಮನೆಯವ್ರು ಕಣಮ್ಮ."

"ಹೆಸರು ಅಮ್ಮ."

"ನನ್ ಮಗ ಲೋಕೇಶನ ಅಪ್ಪ."

"ಅವರ ಹೆಸರೇ ಬೇಕಮ್ಮ."

"ನಮ್ ಗುಬ್ಬಿ ದೇವರ ಹೆಸ್ರೇ ಕಣವ್ವಾ, ನಿಂಗೆ ಗೊತ್ತಿಲ್ವಾ?"

"ನಮ್ಮದು ರಾಯಚೂರು ಕಡೆ ಅಮ್ಮ."

ಅಡುಗೆಮನೆಗೆ ಓಡಿ ಲೋಟ ತಂದು ಫೋನಿನ ಮುಂದೆ ಹಿಡಿದೆ. "ನೋಡಮ್ಮ, ಇಲ್ಲೈತೆ."

ಆ ಹುಡುಗಿ ನಗಲಿಲ್ಲ, ಅದೇ ದೊಡ್ಡದು. "ಇದು ವಿಡಿಯೋ ಕಾಲ್ ಅಲ್ಲಮ್ಮ. ನೀವು ಬಾಯಲ್ಲಿ ಹೇಳದಿದ್ರೆ ನಾನು ಕ್ಲೋಸ್ ಮಾಡ್ಬೇಕಾಗುತ್ತೆ. ಆಮೇಲೆ ಫೈಲು ಉಳಿಯಲ್ಲ."

ಲೋಟದ ಮೇಲೆ ಬೆರಳಾಡಿಸಿದೆ. ಆಯುಸ್ಸು ಉಳಿಸಲೆಂದು ನಲವತ್ತು ಚಿಲ್ಲರೆ ವರ್ಷ ಬಾಯಿ ಕಟ್ಟಿಕೊಂಡಿದ್ದೆ. ಉಳಿಯಿತೇ? ಕೊನೆಯ ದಿನ ಅವರು ಹಜಾರದಲ್ಲಿ ಕುಸಿದಾಗಲೂ ನಾನು ಕೂಗಿದ್ದು "ರೀ, ರೀ" ಎಂದೇ.

"ಚನ್ನಬಸವಯ್ಯ" ಎಂದೆ.

"ಕೇಳಿಸ್ಲಿಲ್ಲ, ಸ್ವಲ್ಪ ಜೋರಾಗಿ ಅಮ್ಮ."

"ಚನ್ನಬಸವಯ್ಯ!" ತುಮಕೂರಿನ ಸದಾಶಿವನಗರದ ನಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿಬಿಟ್ಟೆ. ಪಕ್ಕದ ಮನೆಯ ಗಿರಿಜಮ್ಮ ಕಾಂಪೌಂಡಿನಿಂದ ಇಣುಕಿ, "ಏನಾಯ್ತೇ, ಯಾರನ್ ಕರೀತಿದ್ದೀಯ?" ಎಂದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಳುತ್ತಿದ್ದೆನೋ ನಾಚುತ್ತಿದ್ದೆನೋ, ನನಗೇ ತಿಳಿಯಲಿಲ್ಲ.

"ಆಯ್ತಮ್ಮ, ದುಡ್ಡು ಕಟ್ಟಿ, ಎಲ್ಲ ಇರುತ್ತೆ" ಎಂದಳು ಹುಡುಗಿ. "ನಾನೀಗ ಹೇಳಿದ್ದೂ ಇರುತ್ತೇನಮ್ಮ?" ಎಂದು ಕೇಳಿದೆ. "ಇಲ್ಲಮ್ಮ, ಕರೆಗಳನ್ನ ಸ್ವಲ್ಪ ದಿನಕ್ಕೆ ಅಳಿಸ್ತೀವಿ."

ಈಗ ದಿನವೂ ಅವರ ಅವರೆಕಾಯಿ, ಕೀಲೆಣ್ಣೆ ಕೇಳುತ್ತೇನೆ. ಎಲ್ಲ ಕೇಳಿ ಮುಗಿಸಿದ ಮೇಲೆ ಗೊತ್ತಾಯಿತು, ನನ್ನ ಹೆಸರು ಹೇಳಲು ತಾತನಿಗೆ ಯಾವ ಅಡ್ಡಿಯೂ ಇರಲಿಲ್ಲ, ಆದರೂ ಉದ್ದಕ್ಕೂ ನಾನು ಬರೀ 'ಇವಳು'. ಇರಲಿ, ಆ ಮಾತ್ರೆಯನ್ನು ಒಂದು ದಿನವೂ ಅವರು ಮರೆಯಲಿಲ್ಲ. ನಾನೋ, ಅವರು ಕೇಳಿದ ಒಂದೇ ಒಂದನ್ನು ಅವರಿಗೆ ಕೊಡದೆ ಕಂಪನಿಯ ಹುಡುಗಿಗೆ ಕೊಟ್ಟೆ, ಅದೂ ಎರಡೆರಡು ಸಲ.

ಅದಕ್ಕೇ ಮಕ್ಕಳೇ, ಇಲ್ಲಿ ನನ್ನ ಕೈಯಾರೆ ಬರೆದಿದ್ದೇನೆ: ಚನ್ನಬಸವಯ್ಯ. ಪಕ್ಕದಲ್ಲಿ ನನ್ನದು: ಗೌರಮ್ಮ. ಈ ಹಾಳೆಗಳಿಗೆ ವರ್ಷವರ್ಷ ದುಡ್ಡು ಕಟ್ಟಬೇಕಿಲ್ಲ, ಯಾರೂ ಫೋನು ಮಾಡಿ ಹೆಸರು ಕೇಳುವುದಿಲ್ಲ. ತಾತನ ಹೆಸರು ಕೆತ್ತಿರುವ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿಮಾಡಿ, ಜೋಪಾನವಾಗಿಡಿ. ಗೆದ್ದಲಿಗೆ ನನ್ನ ಹಾಗೆ ಸಂಕೋಚವಿರುವುದಿಲ್ಲ.